ತ್ರುಟಿತ ಅಕ್ಷರ ಎಲ್ಲಿ ಹೋಯ್ತು? ಶಾಸನಪಾಠ ಮತ್ತು ಎಕ್ಸ್‌ಎಸ್‌ಎಲ್‌ಟಿ

ನಮ್ಮ ಸೀಮೆಯ ಶಾಸನ ಹುಡುಕುವವರಿಗೆ ಮೊದಲ ಆಸರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ (1905). ಅದು ಕೋಲಾರ ಜಿಲ್ಲೆಯ ಸಂಪುಟ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಹಾಗಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಸನಗಳನ್ನೂ ಅದರಲ್ಲೇ ನೋಡಬೇಕು. ಒಂದೇ ಶಾಸನಕ್ಕೆ ಅನುವಾದ ಒಂದು ಕಡೆ, ರೋಮನ್ ಲಿಪ್ಯಂತರ ಇನ್ನೊಂದು ಕಡೆ, ಮೂಲ ಲಿಪಿಯ ಪಾಠ ಮತ್ತೊಂದು ಕಡೆ. ಪುಟ ತಿರುವಿ ತಿರುವಿ ಸಾಕಾಗುತ್ತೆ.

ಒಂದೇ ಮೂಲದಿಂದ ಹಲವು ರೂಪ ತೆಗೆಯೋಕೆ ಅಂತಲೇ ಹುಟ್ಟಿದ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ ಮೊದಲ ಆವೃತ್ತಿ 1999ರ ನವೆಂಬರಿನಲ್ಲಿ ಬಂತು. 2007ರ ಎರಡನೆಯದಕ್ಕೂ 2017ರ ಮೂರನೆಯದಕ್ಕೂ ಸಂಪಾದಕರು ಮೈಕೆಲ್ ಕೇ. ಶಾಸನದವರ ಎಪಿಡಾಕ್ ಪದ್ಧತಿಯಲ್ಲಿ ಪಾಠವನ್ನು ಎಕ್ಸ್‌ಎಂಎಲ್‌ನಲ್ಲಿ ಗುರುತು ಹಾಕಿ ಇಡ್ತಾರೆ: ಸಾಲು ಇಲ್ಲಿ ಮುಗಿಯಿತು, ಈ ಅಕ್ಷರ ಅಸ್ಪಷ್ಟ, ಇಲ್ಲಿ ಕಲ್ಲು ಒಡೆದಿದೆ, ಇದು ಸಂಪಾದಕರ ಊಹೆ. ಆ ಗುರುತುಗಳನ್ನು ಓದುವ ಪುಟವಾಗಿ ಮಾಡುವುದು ಎಕ್ಸ್‌ಎಸ್‌ಎಲ್‌ಟಿ ಕೆಲಸ. ದಕ್ಷಿಣ ಏಷ್ಯಾದ ಶಾಸನಗಳಿಗೆ 2019ರಲ್ಲಿ ಶುರುವಾದ ಧರ್ಮ ಯೋಜನೆಯೂ ಎಪಿಡಾಕನ್ನೇ ಹಿಡಿದಿದೆ.

ಈ ಭಾಷೆಯ ಗುಣ ನನಗೆ ಇಷ್ಟ. 'ಈ ಗುರುತು ಕಂಡರೆ ಹೀಗೆ ಮಾಡು' ಅಂತ ನಿಯಮ ಬರೆದರೆ ಸಾಕು. ಸಾಲಿನ ಕೊನೆಯಲ್ಲಿ ಪದ ತುಂಡಾಗುವುದು ನಮ್ಮ ಕಲ್ಲುಗಳಲ್ಲಿ ಮಾಮೂಲು. ತೋರಿಸುವಾಗ ಸಾಲು ಮುರಿ, ಹುಡುಕುವಾಗ ಪದ ಕೂಡಿಸು ಅಂತ ಒಂದೇ ಕಡತಕ್ಕೆ ಎರಡು ನಿಯಮ ಬರೆಯಬಹುದು.

ಆದರೆ ಇದರಲ್ಲಿ ಒಂದು ದೊಡ್ಡ ದೋಷ ಇದೆ, ಅದಕ್ಕೇ ಈ ಬರಹ. ಯಾವುದಾದರೂ ಗುರುತಿಗೆ ನಿಯಮ ಬರೆಯಲು ಮರೆತರೆ ಎಕ್ಸ್‌ಎಸ್‌ಎಲ್‌ಟಿ ತಕರಾರು ತೆಗೆಯಲ್ಲ. ಗುರುತನ್ನು ಬಿಸಾಕಿ ಒಳಗಿನ ಅಕ್ಷರ ಮಾತ್ರ ಮುಂದಕ್ಕೆ ಕಳಿಸುತ್ತೆ. ಸಾಮಾನ್ಯ ಲೇಖನಕ್ಕೆ ಇದು ಅನುಕೂಲ. ಶಾಸನಕ್ಕೆ ಅಪಾಯ.

ಒಂದು ವೀರಗಲ್ಲಿನಲ್ಲಿ 'ವಿ' ಉಳಿದು, ಮುಂದಿನದು ಒಡೆದು, ಆಮೇಲೆ 'ಸಂವತ್ಸರ' ಇದೆ ಅಂದುಕೊಳ್ಳಿ. ವಿಭವ, ವಿಕ್ರಮ, ವಿಕೃತಿ, ವಿಜಯ, ವಿಳಂಬಿ, ವಿಕಾರಿ, ಯಾವುದೂ ಆಗಬಹುದು. ಸಂಪಾದಕರು ಊಹಿಸಿ 'ವಿ[ಜಯ]' ಅಂತ ಕೊಡ್ತಾರೆ. ನಿಯಮ ಇಲ್ಲದಿದ್ದರೆ ಪುಟದಲ್ಲಿ ಬರೋದು 'ವಿಜಯ'. ಆವರಣ ಹೋಯ್ತು, ಊಹೆ ಕಲ್ಲಿನ ಮಾತಾಯ್ತು. ವಿಕ್ರಮಕ್ಕೂ ವಿಜಯಕ್ಕೂ 13 ವರ್ಷ ಅಂತರ! ಕಲ್ಲು ಒಡೆದ ಜಾಗದ ಗುರುತು ಇನ್ನೂ ಕಷ್ಟ. ಅದರೊಳಗೆ ಅಕ್ಷರವೇ ಇಲ್ಲ, ಹಾಗಾಗಿ ಅದು ಪೂರ್ತಿ ಮಾಯ. ಹಿಂದಿನ ಪದ, ಮುಂದಿನ ಪದ ಅಂಟಿಕೊಂಡು ಇಲ್ಲದ ಪದ ಹುಟ್ಟುತ್ತೆ.

ನಾನೂ ಈ ಹಳ್ಳಕ್ಕೆ ಬಿದ್ದವನೇ. ನನ್ನ ಮೊದಲ ಕಡತಗಳಲ್ಲಿ ಊಹೆಯ ಗುರುತಿಗೆ ನಿಯಮ ಬರೆದಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಆವರಣವಿಲ್ಲದ ಪಾಠ ಒಂದು ವಾಟ್ಸಾಪ್ ಗುಂಪಿನಲ್ಲಿ ಓಡಾಡ್ತಿತ್ತು. ತಿದ್ದಿದ ಪಾಠ ಕಳಿಸಿದೆ, ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ.

ಎರಡನೇ ದೋಷ ಎಣಿಕೆಯದು. 'ಶ್ರೀ' ನಮಗೆ ಒಂದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 4. ಲೈಡನ್ ಪದ್ಧತಿಯಂತೆ ಅಸ್ಪಷ್ಟ ಅಕ್ಷರದ ಕೆಳಗೆ ಚುಕ್ಕೆ ಇಡಬೇಕು. ರೋಮನ್ ಲಿಪಿ ಮನಸ್ಸಿನಲ್ಲಿಟ್ಟು ಒಂದೊಂದು ಸಂಕೇತಕ್ಕೂ ಚುಕ್ಕೆ ಸೇರಿಸುವ ನಿಯಮ ಬರೆದರೆ ನಮ್ಮ ಒತ್ತಕ್ಷರ ಚೂರುಚೂರು. ಎರಡನೇ ಆವೃತ್ತಿಯಲ್ಲಿ ಬಂದ ರೆಗ್ಯುಲರ್ ಎಕ್ಸ್‌ಪ್ರೆಷನ್ ಬಳಸಿ ಒತ್ತು, ಕಾಗುಣಿತ ಸೇರಿಸಿ ಒಂದು ಅಕ್ಷರ ಅಂತ ಹಿಡಿಯಬಹುದು. ಆದರೆ ಬ್ರೌಸರ್‌ಗಳು 1999ರ ಮೊದಲ ಆವೃತ್ತಿಯಲ್ಲೇ ನಿಂತಿವೆ. ಅದನ್ನೂ ತೆಗೆದುಹಾಕುವ ಯೋಜನೆಯನ್ನು ಕ್ರೋಮ್ ತಂಡ 2025ರಲ್ಲಿ ಪ್ರಕಟಿಸಿದೆ.

ಹಾಗಂತ ಎಕ್ಸ್‌ಎಸ್‌ಎಲ್‌ಟಿ ಬಿಡಬೇಕಾ? ಬೇಡ ಅನ್ನೋದು ನನ್ನ ಅಭಿಪ್ರಾಯ. ಪಿಡಿಎಫ್‌ನಿಂದ ನಕಲು ಮಾಡಿ ವರ್ಡ್‌ನಲ್ಲಿ ಇಡುವುದಕ್ಕಿಂತ ಇದು ಎಷ್ಟೋ ಮೇಲು, ಯಾಕಂದ್ರೆ ಊಹೆ ಯಾವುದು, ಕಲ್ಲು ಯಾವುದು ಅನ್ನೋದು ಮೂಲ ಕಡತದಲ್ಲಿ ಉಳಿದಿರುತ್ತೆ. ಪುಟ ತಪ್ಪಾದರೂ ಮತ್ತೆ ತೆಗೆಯಬಹುದು. ಪರಿವರ್ತನೆ ಬ್ರೌಸರ್‌ಗೆ ಬಿಡದೆ ನಮ್ಮ ಕಂಪ್ಯೂಟರಿನಲ್ಲೇ ಸ್ಯಾಕ್ಸನ್‌ನಿಂದ ಮಾಡಿ, ಬಂದ ಪುಟ ಮಾತ್ರ ಏರಿಸೋಣ. ಗೊತ್ತಿಲ್ಲದ ಗುರುತು ಸಿಕ್ಕರೆ ಕೆಲಸ ನಿಲ್ಲಿಸು ಅಂತ ಹೇಳುವ ಸೌಲಭ್ಯ ಮೂರನೇ ಆವೃತ್ತಿಯಲ್ಲಿದೆ. ಮೊದಲು ಆ ಒಂದು ಸಾಲು ಬರೆದುಕೊಳ್ಳಿ.

ರೈಸ್ ಕಾಲದ ಅಚ್ಚಿನಲ್ಲಿ ಹೋದ ಅಕ್ಷರದ ಜಾಗಕ್ಕೆ ಚುಕ್ಕೆ ಇರುತ್ತಿತ್ತು. ಆ ಚುಕ್ಕೆ ನಮ್ಮ ಕೈಯಲ್ಲಿ ಅಳಿಸಿ ಹೋಗಬಾರದು, ಅಷ್ಟೇ.