ಒಪ್ಪಿಗೆ ಪತ್ರ ಎಂಬ ಕೃತಿ

ನಮ್ಮ ವಿಮರ್ಶಕರು ಮುಟ್ಟದ ಒಂದು ಕೃತಿಯಿದೆ. ಒಂದೇ ಹಾಳೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಆಪರೇಷನ್ನಿಗೆ ಮುಂಚೆ ನಡುಗುವ ಕೈಗೆ ಕೊಡುತ್ತಾರೆ. ಹೆಬ್ಬೆಟ್ಟು ಒತ್ತಿದವರು ಲೆಕ್ಕವಿಲ್ಲದಷ್ಟು, ಓದಿದವರು ಕಡಿಮೆ.

ನನಗೆ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಡುವೆ ಒಂದು ಸಾಲು: ನನಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಲಾಗಿದೆ. ಅದೂ ಇಂಗ್ಲಿಷಿನಲ್ಲೇ! ಇಷ್ಟು ದೊಡ್ಡ ಸುಳ್ಳನ್ನು ನಮ್ಮ ಯಾವ ಕವಿಯೂ ಬರೆದಿಲ್ಲ ಕಣ್ರಪ್ಪ. ವ್ಯಾಕರಣವನ್ನೂ ನೋಡಿ. ‘ವಿವರಿಸಲಾಗಿದೆ’ ಅಂದರೆ ವಿವರಿಸಿದ್ದು ಯಾರು? ಕರ್ತೃವೇ ನಾಪತ್ತೆ. ‘ನಾನು’ ಗಟ್ಟಿಯಾಗಿ ಬರುವುದು ಕೊನೆಯಲ್ಲಿ, ಏನಾದರೂ ಆದರೆ ನಾನೇ ಹೊಣೆ ಅನ್ನುವ ಕಡೆ.

ಅವತ್ತು ರಾತ್ರಿ ಆಲೆಮನೆಯ ಗಾಣಕ್ಕೆ ಅಪ್ಪನ ಬಲಗೈ ಸಿಕ್ಕಿತ್ತು. ಟೆಂಪೋದಲ್ಲಿ ಹಾಕಿಕೊಂಡು ಹೋದೆವು. ಅಪ್ಪನಿಗೆ ಪೂರ್ತಿ ಎಚ್ಚರವಿತ್ತು, ಡ್ರೈವರಿಗೆ ದಾರಿ ಹೇಳುತ್ತಲೇ ಬಂದ. ಡ್ಯೂಟಿ ಡಾಕ್ಟರು ರಕ್ತ ನಿಲ್ಲಿಸಿದರು, ಡ್ರಿಪ್ ಹಾಕಿದರು. ಅದಕ್ಕೆ ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಆಮೇಲೆ ಹಾಳೆ ಬಂತು. ಅಪ್ಪನ ಹತ್ತಿರ ಅಲ್ಲ, ಪ್ಯಾಂಟು ಹಾಕಿದ್ದ ನನ್ನ ಹತ್ತಿರ. ‘ನೀನು ಓದಿದ್ದೀಯಲ್ಲ, ಸೈನ್ ಹಾಕು. ಮಣಿಕಟ್ಟಿಗೆ ತೆಗೀಬೇಕು.’ ಎರಡು ಮಾರು ದೂರದಲ್ಲಿ ಮಲಗಿದ್ದ ಅಪ್ಪ ಕೇಳಿದ, ‘ಏನಂತೆ ಮಗಾ?’ ಏನಿಲ್ಲ ಕಣಪ್ಪ ಅಂದೆ. ಸಹಿ ಹಾಕಿದೆ. ನಮ್ಮ ಮನೆತನದ ಮೊದಲ ಬಿ.ಎ. ಸಹಿ.

ಥಿಯೇಟರು ಸಿದ್ಧವಾಗುವುದರೊಳಗೆ ಪಾಳಿ ಬದಲಾಗಿ ಒಬ್ಬ ಡಾಕ್ಟರಮ್ಮ ಬಂದರು. ಸ್ಟೂಲು ಎಳೆದುಕೊಂಡು ಅಪ್ಪನ ಪಕ್ಕ ಕೂತು, ಒಂದು ಚೀಟಿಯ ಹಿಂದೆ ಕೈಯ ಚಿತ್ರ ಬರೆದರು. ‘ಯಜಮಾನ್ರೇ, ಎರಡು ದಾರಿ ಇದೆ. ಈಗಲೇ ತೆಗೆದ್ರೆ ಗಾಯ ಬೇಗ ಮಾಯುತ್ತೆ. ಉಳಿಸೋಕೆ ನೋಡೋದಾದ್ರೆ ಮೈಸೂರಿಗೆ ಹೋಗ್ಬೇಕು. ಎರಡು ಮೂರು ಆಪರೇಷನ್ ಆಗ್ಬೋದು, ಕೀವಾಗ್ಬೋದು, ಕೊನೆಗೆ ತೆಗೆಯೋದೇ ಆಗ್ಬೋದು. ಈ ಕೈಯಲ್ಲಿ ನೀವು ಏನೇನು ಕೆಲಸ ಮಾಡ್ತೀರಿ?’

‘ಹೆಬ್ಬೆಟ್ಟು, ಅದ್ರ ಜೊತೆಗೊಂದು ಬೆರಳು ಉಳಿದ್ರೆ ಸಾಕವ್ವ. ಕುಡುಗೋಲು ಹಿಡೀತೀನಿ’ ಅಂದ ಅಪ್ಪ. ಐದು ನಿಮಿಷವೂ ಹಿಡಿಯಲಿಲ್ಲ.

ಇದನ್ನು ಆಕೆಯ ದಯೆ ಅನ್ನಬೇಡಿ. ಕೈಯ ಎಲುಬು, ನರ ಡಾಕ್ಟರಿಗೆ ಗೊತ್ತು. ಆ ಕೈ ಏನು ಮಾಡಿ ಅನ್ನ ತರುತ್ತದೆ ಅನ್ನುವುದು ಅಪ್ಪನಿಗೆ ಗೊತ್ತು. ಎರಡೂ ಸೇರದೆ ಅದು ಎಂಥ ತೀರ್ಮಾನ?

2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದ ತೀರ್ಪು ಕೊಟ್ಟಿತು. 1995ರಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಹೆಂಗಸಿನ ಗರ್ಭಕೋಶ, ಅಂಡಾಶಯಗಳನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಪ್ರಾಣಾಪಾಯವಿರಲಿಲ್ಲ, ಆಕೆಯನ್ನೇ ಕೇಳಬೇಕಿತ್ತು ಎಂದಿತು ಕೋರ್ಟು. ಚಿಕಿತ್ಸೆ ಏನು, ಬೇರೆ ದಾರಿ ಯಾವುದು, ಅಪಾಯವೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ಹೇಳಬೇಕೆಂದಿತು. ಒಳ್ಳೆಯ ಮಾತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಪ್ಯಾರಾ ಇದೆ: ಈ ದೇಶದ ರೋಗಿಗಳಲ್ಲಿ ಹೆಚ್ಚಿನವರು ಬಡವರು, ಓದು ಬಾರದವರು, ಅಂಗಗಳ ಕೆಲಸ ಅವರಿಗೆ ತಿಳಿಯದು, ಡಾಕ್ಟರು ಹೇಳಿದ್ದನ್ನು ಪ್ರಶ್ನಿಸದೆ ಒಪ್ಪುತ್ತಾರೆ ಎಂಬ ಅರ್ಥದ್ದು. ಮೂರು ಸಲ ಓದಿದೆ. ಹಾಸಿಗೆ ಸಿಗದೆ ಆಸ್ಪತ್ರೆಯ ಓಣಿಯಲ್ಲಿ ಬಿದ್ದವರನ್ನು ಆ ಪ್ಯಾರಾ ಕಂಡಿದೆ, ಸುಳ್ಳಲ್ಲ. ಆದರೆ ನಮ್ಮ ಕೇರಿಯ ಜನ ಪ್ರಶ್ನೆ ಕೇಳದಿರುವುದು ತಿಳಿಯದೆಯೋ, ಕೇಳಿದರೆ ಗದರುತ್ತಾರೆಂದು ತಿಳಿದೋ? ಕೈಯೆಂಬ ಅಂಗದ ಕೆಲಸ ನಮ್ಮಪ್ಪನಿಗೆ ತಿಳಿಯದೆ?

‘ತುರ್ತು ಕಣಯ್ಯಾ, ಟೈಮೆಲ್ಲಿದೆ?’ ಅನ್ನುತ್ತಾರೆ. ಉಸಿರು ನಿಂತವನ ಹತ್ತಿರ ಯಾರೂ ಒಪ್ಪಿಗೆ ಕೇಳುತ್ತಾ ಕೂರಬೇಕಿಲ್ಲ. ಮೊದಲು ಜೀವ, ಆಮೇಲೆ ಪೊಲೀಸು ಕಾಗದ ಎಂದು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ಡಾಕ್ಟರು, ಬಾಗಿಲ ತುಂಬ ಜನ. ಅದನ್ನೂ ಕಂಡೆ. ಆದರೆ ತುರ್ತು ವಿಭಾಗಕ್ಕೆ ಬಂದವರೆಲ್ಲ ಉಸಿರು ನಿಂತವರಲ್ಲ. ನನ್ನ ಕೈಲಿ ಸಹಿ ಹಾಕಿಸಲು ಸಿಕ್ಕ ಟೈಮು ಅಪ್ಪನನ್ನು ಮಾತಾಡಿಸಲು ಸಿಗಲಿಲ್ಲವೇ?

ಮೈಸೂರಿನಲ್ಲಿ ಮೂರು ಬೆರಳು ಹೋದವು, ಎರಡು ಉಳಿದವು. ಅಲ್ಲಿಯೂ ಹಾಳೆ ಬಂತು, ಇಂಗ್ಲಿಷಿನದೇ. ಈ ಸಲ ಅಪ್ಪನ ಪಕ್ಕ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ, ಗೊತ್ತಾಗದ್ದನ್ನು ನರ್ಸಮ್ಮನನ್ನು ಕೇಳಿದೆ. ‘ತಿಳಿಯುವ ಭಾಷೆಯಲ್ಲಿ’ ಅನ್ನುವ ಸಾಲು ಬಂದಾಗ ಅಪ್ಪ ಆ ನೋವಿನಲ್ಲೂ ನಕ್ಕ. ಆಮೇಲೆ ಎಡಗೈ ಚಾಚಿ ಇಂಕು ಕೇಳಿದ.