ನಾಲ್ಕು ಕೋಟಿ ಅಂಕಿಗಳ ಹಿಂದಿನ ಗಣಿತ

2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಪತ್ತೆಹಚ್ಚಿದ ಅವಿಭಾಜ್ಯ ಸಂಖ್ಯೆ ಸುದ್ದಿಯಾದದ್ದು ಅದರ ಉದ್ದದಿಂದ. 2ರ 13,62,79,841ನೇ ಘಾತದಿಂದ 1 ಕಳೆದರೆ ಸಿಗುವ ಈ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಆದರೆ ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿದ್ದಾನೆ. ಇದಕ್ಕಿಂತ ದೊಡ್ಡದು ಇದ್ದೇ ಇದೆ. ಹಾಗಿರುವಾಗ ಉದ್ದವನ್ನೇ ಹಿರಿಮೆ ಎನ್ನಲಾಗದು.

ಹಿರಿಮೆ ಇರುವುದು ಪರೀಕ್ಷೆಯಲ್ಲಿ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್, 2ರ ಘಾತದಿಂದ 1 ಕಳೆದ ಇದೇ ರೂಪದಲ್ಲಿ ಅವಿಭಾಜ್ಯ ಕೊಡುವ ಘಾತಗಳ ಪಟ್ಟಿಯಲ್ಲಿ 67ನ್ನೂ ಸೇರಿಸಿದ್ದ. ಅದು ತಪ್ಪೆಂದು 1876ರಲ್ಲಿ ಎದುವಾರ್ ಲೂಕಾ ತೋರಿಸಿದ, ಒಂದೇ ಒಂದು ಅಪವರ್ತನವನ್ನೂ ಹುಡುಕದೆ! ಅಪವರ್ತನಗಳನ್ನು ಫ್ರಾಂಕ್ ನೆಲ್ಸನ್ ಕೋಲ್ ಮುಂದಿಟ್ಟದ್ದು 1903ರಲ್ಲಿ: 193707721 ಮತ್ತು 761838257287. ಸಂಖ್ಯೆಯನ್ನು ಒಡೆಯದೆಯೇ ಅದು ಒಡೆಯುತ್ತದೆಂದು ಖಚಿತವಾಗಿ ಹೇಳಬಲ್ಲ ಈ ವಿಚಾರ ನನಗೆ ಇಡೀ ದಾಖಲೆಗಳ ಸಾಲಿಗಿಂತ ದೊಡ್ಡದು.

ಮುಂದೆ ಗಣಿತಜ್ಞ ಲೆಹ್ಮರ್ ತಿದ್ದಿ ಸರಳಗೊಳಿಸಿದ ಲೂಕಾನ ವಿಧಾನ ಹೀಗಿದೆ. 4ರಿಂದ ಹೊರಡಿ. ಪ್ರತಿ ಹೆಜ್ಜೆಯಲ್ಲೂ ವರ್ಗ ಮಾಡಿ, 2 ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗಳಾದಾಗ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. 31ಕ್ಕೆ (ಘಾತ 5) ಮೂರೇ ಹೆಜ್ಜೆ: 4, 14, 8, 0. ಡ್ಯುರಾಂಟ್‌ನ ಸಂಖ್ಯೆಗೆ ಹದಿಮೂರು ಕೋಟಿಗೂ ಮೀರಿದ ಹೆಜ್ಜೆಗಳು; ಮೊದಲ ಕೆಲವು ಹೆಜ್ಜೆಗಳ ಬಳಿಕ ಒಂದೊಂದು ವರ್ಗವೂ ಕೋಟಿಗಟ್ಟಲೆ ಅಂಕಿಗಳದು. ನಡುವೆ ಒಂದು ಅಂಕಿ ತಪ್ಪಿದರೂ ಎಲ್ಲ ವ್ಯರ್ಥ. ಅದಕ್ಕಾಗಿಯೇ 1996ರಿಂದ ಈ ಹುಡುಕಾಟ ನಡೆಸುತ್ತಿರುವ ಗಿಂಪ್ಸ್ ಬಳಗ ಬೇರೆ ಬೇರೆ ಯಂತ್ರ, ಬೇರೆ ಬೇರೆ ತಂತ್ರಾಂಶಗಳಿಂದ ಲೆಕ್ಕವನ್ನು ಮತ್ತೆ ಮಾಡಿಸಿ, ಆಮೇಲಷ್ಟೇ ಪ್ರಕಟಿಸಿತು. ಈ ಶಿಸ್ತನ್ನು ಮನಸಾರೆ ಮೆಚ್ಚಬೇಕು.

ಕೊರತೆಯನ್ನೂ ಹೇಳಲೇಬೇಕು. ಈ ರೂಪದ ಅವಿಭಾಜ್ಯಗಳು, ಅಂದರೆ ಮರ್ಸೆನ್ ಅವಿಭಾಜ್ಯಗಳು, ಅನಂತವೇ ಎಂಬ ಪ್ರಶ್ನೆಗೆ ಈ ಸಂಖ್ಯೆ ಉತ್ತರದ ಸುಳಿವನ್ನೂ ಕೊಡುವುದಿಲ್ಲ. ತಿಳಿದಿರುವವುಗಳಲ್ಲಿ ಇದು 52ನೆಯದು; ಇದಕ್ಕಿಂತ ಚಿಕ್ಕದೊಂದು ಕಣ್ತಪ್ಪಿಲ್ಲ ಎಂಬ ಖಾತ್ರಿಯಿಲ್ಲ. ಬ್ಯಾಂಕಿನ ಗೂಢಲಿಪಿಗೆ ಇಂಥವು ಬೇಕೆನ್ನುವುದೂ ಸರಿಯಲ್ಲ. ಅಲ್ಲಿಗೆ ಕೆಲವು ನೂರು ಅಂಕಿಗಳು ಸಾಕು, ಮತ್ತು ಅವು ಗುಟ್ಟಾಗಿರಬೇಕು. ಇದಕ್ಕೆ ಹೋಲಿಸಿ ನೋಡಿ: 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದೂ ದಾಖಲೆ ಮುರಿಯಲಿಲ್ಲ. ಆದರೆ ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ಬಹುಪದೀಯ ಸಮಯದಲ್ಲಿ (ಅಂದರೆ ಅಂಕಿಗಳ ಸಂಖ್ಯೆಯ ಒಂದು ನಿಶ್ಚಿತ ಘಾತದ ಮಿತಿಯಲ್ಲಿ ಬೆಳೆಯುವ ಹೆಜ್ಜೆಗಳಲ್ಲಿ) ನಿಶ್ಚಯವಾಗಿ ತೀರ್ಮಾನಿಸಬಹುದೆಂದು ಸಾಧಿಸಿದರು. ಗಣಿತವಾಗಿ ಅದರ ತೂಕ ಹೆಚ್ಚು.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ನಾಲ್ಕು ಕೋಟಿ ಅಂಕಿಗಳ ಬೆರಗು ತೋರಿಸಿ ಬಿಡಬೇಡಿ. 127ನ್ನು ಮಕ್ಕಳಿಂದ ಐದು ಹೆಜ್ಜೆಗಳಲ್ಲಿ ಪರೀಕ್ಷಿಸಿ ನೋಡಿಸಿ, ಸೊನ್ನೆ ಬರುತ್ತದೆ. ಆಮೇಲೆ 2047 ಕೊಡಿ. ಒಂಬತ್ತು ಹೆಜ್ಜೆ ನಡೆದರೂ ಅಲ್ಲಿ ಸೊನ್ನೆ ಸಿಗದು. ಅದು 23 ಮತ್ತು 89ರ ಗುಣಲಬ್ಧ.