ಬಾಗಿಲ ಮೇಲಿನ ಕಲಮು, ಜೇಬಿನೊಳಗಿನ ಷರತ್ತು

ಟೆಕ್ಸಸ್‌ಗೆ ಹೋಗಿ ನೆಲೆಸಿದ ಕನ್ನಡದವರಿಗೆ ‘ಥರ್ಟಿ ಓ ಸಿಕ್ಸ್’ ಫಲಕ ಹೊಸದಲ್ಲ. ಬಂದೂಕು ಒಳಗೆ ಬರಬಾರದು ಎಂದುಕೊಂಡ ಅಂಗಡಿ, ಕಚೇರಿಗಳ ಬಾಗಿಲಲ್ಲಿ ಅದು ಇರುತ್ತದೆ. ಬರಹವೆಂದು ಓದಿದರೆ ಇಷ್ಟು ಒಡ್ಡಾದ ವಾಕ್ಯ ಸಿಗುವುದು ಕಷ್ಟ. ದಂಡ ಸಂಹಿತೆಯ 30.06ನೇ ಕಲಮಿನಿಂದ ಶುರು, ಆವರಣದೊಳಗೆ ಆ ಕಲಮಿನ ಹೆಸರು, ಆಮೇಲೆ ಸರ್ಕಾರಿ ಸಂಹಿತೆಯ 411ನೇ ಅಧ್ಯಾಯ, ಅದರದೊಂದು ಉಪ ಅಧ್ಯಾಯ. ಇಷ್ಟೆಲ್ಲ ದಾಟಿದ ಮೇಲೆ, ಲೈಸೆನ್ಸ್ ಇದ್ದವರೂ ಬಚ್ಚಿಟ್ಟುಕೊಂಡ ಪಿಸ್ತೂಲಿನೊಂದಿಗೆ ಈ ಜಾಗಕ್ಕೆ ಬರುವಂತಿಲ್ಲ ಎಂಬ ಅಸಲು ಮಾತು. ಇದು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಅಕ್ಷರ ಕನಿಷ್ಠ ಒಂದು ಇಂಚು ಎತ್ತರ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ. ಒಕ್ಕಣೆ ಕಾನೂನಿನಲ್ಲಿ ಇದ್ದ ಹಾಗೇ ಇರಬೇಕು. ಪಿಸ್ತೂಲಿನ ಚಿತ್ರಕ್ಕೆ ಕೆಂಪು ಗೆರೆ ಎಳೆದು ಅಂಟಿಸಿದರೆ ಮಗುವಿಗೂ ತಿಳಿಯುತ್ತದೆ. ಈ ಕಲಮಿನ ಲೆಕ್ಕಕ್ಕೆ ಮಾತ್ರ ಅದು ಬರುವುದಿಲ್ಲ.

ಫಲಕದ ಪರ ವಾದವೂ ಇದೆ, ಅದು ಹಗುರವಾದದ್ದಲ್ಲ. ಬಾಗಿಲು ದಾಟಿದ ಮಾತ್ರಕ್ಕೆ ಒಬ್ಬನನ್ನು ಅಪರಾಧಿ ಎನ್ನುವುದಾದರೆ, ಅವನಿಗೆ ಮೊದಲೇ ಖಚಿತವಾಗಿ ತಿಳಿಸಿರಬೇಕು. ಒಕ್ಕಣೆ ಒಂದೇ ಆಗಿದ್ದರೆ ‘ಗೊತ್ತಾಗಲಿಲ್ಲ’ ಎಂಬ ನೆಪಕ್ಕೆ ಜಾಗವಿಲ್ಲ. ಆದರೆ ಭಾರ ಬಿದ್ದದ್ದು ಯಾರ ಮೇಲೆ? ಬಂದೂಕು ಹೊತ್ತವನ ಮೇಲಲ್ಲ, ಬಾಗಿಲಿನ ಯಜಮಾನನ ಮೇಲೆ. ಫಲಕ ಹಾಕದಿದ್ದರೆ, ಕಾರ್ಡು ಕೊಡದಿದ್ದರೆ, ಬಾಯಿಬಿಟ್ಟು ಹೇಳದಿದ್ದರೆ ಈ ಅಪರಾಧವೇ ಹುಟ್ಟುವುದಿಲ್ಲ. ಸೊಂಟದಲ್ಲಿ ಕಾಣುವಂತೆ ಸಿಕ್ಕಿಸಿಕೊಂಡು ಬರುವವರಿಗೆ 30.07ರ ಬೇರೆ ಫಲಕ. 2021ರಿಂದ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಲು ಬಿಟ್ಟ ಮೇಲೆ ಅಂಥವರಿಗೆ 30.05ರದು ಮತ್ತೊಂದು. ಎಲ್ಲರನ್ನೂ ತಡೆಯಬೇಕೆನ್ನುವ ಸಣ್ಣ ಅಂಗಡಿಯವನ ಗಾಜಿನ ಬಾಗಿಲಲ್ಲಿ ಮಾರುವ ಸಾಮಾನು ಕಾಣಲು ಜಾಗ ಉಳಿಯುವುದೇ ಸಂಶಯ.

2019ರಿಂದ ದೇವಾಲಯ, ಚರ್ಚುಗಳಿಗೂ ಪ್ರತ್ಯೇಕ ರಕ್ಷಣೆ ಇಲ್ಲ. ಬೇಡವೆಂದರೆ ಅವೂ ಫಲಕ ಹಾಕಬೇಕು, ಇಲ್ಲವೇ ನೇರ ಹೇಳಬೇಕು.

ಮಲಪ್ರಭೆಯ ದಂಡೆಯ ಹೊಳೆಆಲೂರಿನಲ್ಲಿ ಕೂತು ಓದಿದರೆ ಇದು ಪೂರ್ತಿ ತಲೆಕೆಳಗು ಅನ್ನಿಸುತ್ತದೆ. ಇಲ್ಲಿನ ಜಾತ್ರೆಯಲ್ಲಿ ಬಂದೂಕು ನಿಷೇಧದ ಬೋರ್ಡು ಹುಡುಕಬೇಕಿಲ್ಲ. ನಿಷೇಧ ಇರುವುದು ಬಂದೂಕಿನವನ ಲೈಸೆನ್ಸಿನಲ್ಲೇ. ಜಿಲ್ಲಾ ದಂಡಾಧಿಕಾರಿಯ ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವಲ್ಲಿಗೆ, ಶಾಲೆ-ಕಾಲೇಜಿನ ಆವರಣಕ್ಕೆ ಆಯುಧ ಒಯ್ಯಬಾರದೆಂಬುದು ಲೈಸೆನ್ಸಿನ ಷರತ್ತು. ಹೊಲ ಕಾಯುವ ನಳಿಗೆ ಬಂದೂಕಿನ ರೈತನೂ ಅದಕ್ಕೆ ಒಳಪಟ್ಟವನೇ. ಮತದಾನದ ದಿನ ಶಾಲೆಯ ಮುಂದೆ ಸುಣ್ಣದಲ್ಲಿ ಎಳೆಯುವ ನೂರು ಮೀಟರ್ ಗೆರೆಯನ್ನು ನೆನಪಿಸಿಕೊಳ್ಳಿ. ಅದು ಪ್ರಚಾರ ಮಾಡುವವರಿಗೆ. ಆಯುಧದವನಿಗೆ ಸುಣ್ಣದ ಗೆರೆಯೂ ಬೇಕಿಲ್ಲ: ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ಬಿ ಕಲಮಿನಂತೆ ಮತಗಟ್ಟೆಯ ಸುತ್ತ ಆಯುಧ ಹಿಡಿದು ಸುಳಿದರೆ ಎರಡು ವರ್ಷದವರೆಗೆ ಸೆರೆ.

ಬೋರ್ಡಿನ ಅಳತೆ ಬರೆಯುವುದು ನಮ್ಮವರಿಗೂ ಬರುತ್ತದೆ, ಅದು ಬೀಡಿ-ಸಿಗರೇಟಿನ ವಿಷಯದಲ್ಲಿ. 2008ರ ನಿಯಮದಂತೆ ಧೂಮಪಾನ ನಿಷೇಧದ ಫಲಕ ಕನಿಷ್ಠ 60 ಸೆಂಟಿಮೀಟರಿಗೆ 30 ಸೆಂಟಿಮೀಟರ್ ಇರಬೇಕು. ಬೋರ್ಡು ಇಲ್ಲದಿದ್ದರೂ ಸೇದಿದವನ ತಪ್ಪು ತಪ್ಪೇ. ಬೋರ್ಡು ಹಾಕದವನದು ಬೇರೆ ತಪ್ಪು. ಈ ಎರಡನ್ನು ಬಿಡಿಸಿಟ್ಟದ್ದು ಟೆಕ್ಸಸ್ ಕಾನೂನಿಗಿಂತ ಜಾಣತನದ ಕೆಲಸ. 2003ರ ತಂಬಾಕು ಕಾಯ್ದೆ ಸೇದಿದವನಿಗೆ ಮೊದಲು ಇಟ್ಟಿದ್ದ ದಂಡ 200 ರೂಪಾಯಿವರೆಗೆ. ಫಲಕ ಮೀರಿ ಪಿಸ್ತೂಲಿನೊಂದಿಗೆ ಒಳಬಂದವನಿಗೆ ಟೆಕ್ಸಸ್ ಹಾಕುವುದು 200 ಡಾಲರ್‌ವರೆಗೆ. ಹೊರಗೆ ಹೋಗು ಎಂದರೂ ಹೋಗದಿದ್ದರಷ್ಟೇ ಅದು ದೊಡ್ಡ ಅಪರಾಧ. ಇಂಚು ಹಿಡಿದು ಅಕ್ಷರ ಅಳೆದ ಕಾನೂನು ಕೊನೆಗೆ ಕೇಳುವುದು ಇಷ್ಟನ್ನೇ.

ಹಾಗೆಂದು ನಮ್ಮದು ಕುಂದಿಲ್ಲದ ವ್ಯವಸ್ಥೆಯಲ್ಲ. ಜೇಬಿನೊಳಗಿನ ಷರತ್ತನ್ನು ಓದುವವನು ಒಬ್ಬನೇ, ಅದೂ ಓದಿದರೆ. ಸೊಂಟದಲ್ಲಿ ರಿವಾಲ್ವರ್ ಕಂಡಾಗ ‘ಲೈಸೆನ್ಸ್ ಇದ್ದೀತು’ ಎಂದು ಪಕ್ಕಕ್ಕೆ ಸರಿದು ನಿಲ್ಲುವ ಜಾತ್ರೆಯ ಜನಕ್ಕೆ, ಲೈಸೆನ್ಸ್ ಇದ್ದರೂ ಅಲ್ಲಿಗೆ ತರುವಂತಿಲ್ಲ ಎಂಬುದು ಹೇಗೆ ತಿಳಿಯಬೇಕು? ಟೆಕ್ಸಸ್ ಫಲಕ ಎಷ್ಟೇ ಒಡ್ಡಾಗಿದ್ದರೂ ನಿಷೇಧವನ್ನು ನಾಲ್ಕು ಜನರ ಎದುರು ಇಡುತ್ತದೆ. ಆ ಗುಣವನ್ನು ಒಪ್ಪಬೇಕು.

ಖಾಸಗಿ ಜಾಗದ ವಿಷಯದಲ್ಲಂತೂ ನಮ್ಮ ಕಾನೂನು ಸಡಿಲು. ‘ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ’ ಎಂದು ಗೇಟಿಗೆ ಬರೆಸಿದರೂ, ಒಳಬಂದವನದು ಅಪರಾಧವಾಗಲು ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಕೆಟ್ಟ ಉದ್ದೇಶವನ್ನು ಕೇಳುತ್ತದೆ: ಅಪರಾಧ ಎಸಗುವುದು, ಬೆದರಿಸುವುದು, ಅವಮಾನಿಸುವುದು, ಕಿರಿಕಿರಿ ಮಾಡುವುದು. ಬಂದೂಕು ಸುಮ್ಮನೆ ಸೊಂಟದಲ್ಲಿದ್ದರೆ? ಮದುವೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದು ಗುಂಡು ಹಾರಿದ ಮೇಲಿನ ಮಾತು. ಅದಕ್ಕೂ ಮೊದಲು, ಕಲ್ಯಾಣ ಮಂಟಪದವರು ಬಾಡಿಗೆ ರಸೀದಿಯ ಹಿಂದೆ ಪಟಾಕಿ ಹಚ್ಚಬಾರದು, ಕುಡಿದು ಬರಬಾರದು ಎಂದು ಅಚ್ಚು ಹಾಕಿಸುವ ಕಡೆಯೇ ‘ಲೈಸೆನ್ಸ್ ಇದ್ದರೂ ಬಂದೂಕು ತರಬಾರದು’ ಎಂದು ಒಂದು ಸಾಲು ಸೇರಿಸಬಹುದು, ಅದನ್ನೇ ಬಾಗಿಲಲ್ಲೂ ಬರೆಸಬಹುದು. ಕಲಮಿನ ಸಂಖ್ಯೆ ಬೇಡ.